ಎರಡರ ಬಾಲ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ನಿಂತುಬಿಟ್ಟ ಗಾಡಿಗಳ ನಡುವೆ ನುಸುಳಿ ಬಂದಳು
ಜಗಳೂರಿನ ನಸೀಮಾ, ಮದುವೆ ಫೋಟೊ ತೆಗೆಯುವ ಹುಡುಗಿ.
ಕರ್ಚೀಫಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು:
'ಜರ್ಮನಿದು ಅಂಕಲ್, ಮೂವತ್ತೆರಡು ಸಾವಿರ ಕೊಟ್ಟೀನಿ.
ತಿರುಗಿಸಾಕ ಬಿಗಿ ಐತಿ, ಎಣ್ಣಿ ಹಾಕಿ ಕೊಡ್ರಿ.'

ಎಣ್ಣೆಯ ಮಾತು ಆಮೇಲೆ.
ಮೊದಲು ಅಂಗೈಯಲ್ಲಿ ಕೂರಿಸಿಕೊಂಡೆ.
ಅದು ಹೇಳಿಕೊಳ್ಳುವ ಕಾಲದ್ದೇ ಆದರೆ ಹಿತ್ತಾಳೆ ಇರಬೇಕು,
ಮಣಿಕಟ್ಟು ಒಂದು ಗುಲಗಂಜಿಯಷ್ಟಾದರೂ ಇಳಿಯಬೇಕು.
ಇಳಿಯಲಿಲ್ಲ.

ಹಿಂದಿನ ಮೂರು ಸ್ಕ್ರೂ ಬಿಚ್ಚಿದೆ.
ಗ್ರೀಸು ಒಣಗಿ ಕಿವಿಯ ಗುಗ್ಗೆಯ ಬಣ್ಣ,
ಮೂಸಿದರೆ ಹಳೆ ಟ್ರಾಕ್ಟರಿನ ವಾಸನೆ.
ಒಳಗಿನ ಉಂಗುರದಲ್ಲಿ ಇನ್ನೊಂದು ನಂಬರು,
ಐವತ್ತೆಂಟರಿಂದ ಶುರು. ರಷ್ಯದವರು
ಕೂಸು ಹುಟ್ಟಿದ ವರ್ಷವನ್ನೇ ಹಣೆಗೆ ಬರೆಯುತ್ತಿದ್ದರು.
ಹೆಸರು ಬದಲಿಸಿಕೊಂಡು ಊರು ಬಿಟ್ಟವನು
ಹುಟ್ಟು ಮಚ್ಚೆಯನ್ನು ಅಂಗಿಯೊಳಗೇ ಇಟ್ಟುಕೊಂಡಿದ್ದ.

ಇಂಥದ್ದು ಎರಡು ತಿಂಗಳಿಗೊಂದು ಬರುತ್ತದೆ.
ಹೇಳಬೇಕಾದ ನಾಲ್ಕು ಮಾತೂ ನನಗೆ ಬಾಯಿಪಾಠ.
ಹೇಳಿ ಮುಗಿಸುತ್ತಿದ್ದೆ,
ಮುಂದಿನ ಉಂಗುರವನ್ನು ಭೂತಗನ್ನಡಿಗೆ ಹಿಡಿಯದೆ ಇದ್ದಿದ್ದರೆ.

ಯಂತ್ರ ಕೊರೆದ ಗೆರೆ ನೀರಿನ ಹಾಗೆ ಹರಿಯುತ್ತದೆ.
ಇಲ್ಲಿ ಹರಿವಿಲ್ಲ, ಇರುವೆ ಸಾಲು:
ಚಾಣದ ಪುಟ್ಟ ಪುಟ್ಟ ಹೆಜ್ಜೆ, ಒಂದೊಂದೂ
ಸ್ವಲ್ಪ ಎಡಕ್ಕೆ ವಾಲಿ.
ಮತ್ತೆ ಆ ನಂಬರಿನಲ್ಲೊಂದು ಎರಡು.
ಇಂಗ್ಲಿಷಿನ ಎರಡರ ಬಾಲ ನೆಲಕ್ಕೆ ನೆಟ್ಟಗೆ ಮಲಗಿರುತ್ತದೆ.
ಇದರದ್ದು ಮೇಲೆದ್ದು ಸುತ್ತಿಕೊಂಡಿದೆ,
ಕನ್ನಡ ಶಾಲೆಯ ಮಗ್ಗಿ ಪುಸ್ತಕದಿಂದ ತಪ್ಪಿಸಿಕೊಂಡು ಬಂದ ೨.

ಈ ಎರಡನ್ನು ಹಿಡಿದು ನಾನು ನೀರು ಕುಡಿದಿದ್ದೇನೆ.
ಅವ್ವನ ತಂಬಿಗೆಯ ಕಂಠದಲ್ಲಿ ಅವರ ಮದುವೆಯ ತಾರೀಕು,
12-2-72,
ಮೂರು ಎರಡಕ್ಕೂ ಬಾಲ ಮೇಲೆ.

ಚೌಕಿಪೇಟೆಯ ಪಾತ್ರೆ ಅಂಗಡಿಯ ಕಟ್ಟೆಯಲ್ಲಿ ಕೂತು
ಅಪ್ಪ, ಮೌನಾಚಾರ್,
ಕೊಡಕ್ಕೆ, ಪರಾತಕ್ಕೆ, ಬೀಗರಿಗೆ ಕೊಡುವ ಲೋಟಕ್ಕೆ
ಹೆಸರು ಹೊಡೆಯುತ್ತಿದ್ದ. ಅಕ್ಷರಕ್ಕೆ ಹತ್ತು ಪೈಸೆ.
ಒತ್ತಕ್ಷರ ಪುಗಸಟ್ಟೆ: 'ಅದು ತಾಯಿ ಸೊಂಟದ ಮ್ಯಾಲಿನ ಕೂಸು,
ಅದಕ್ಕೆಲ್ಲೈತಿ ಟಿಕೀಟು?'
ಇಂಗ್ಲಿಷು ಬಾರದು. ಚೀಟಿ ಕೊಟ್ಟರೆ
ರಂಗೋಲಿ ನೋಡಿದ ಹಾಗೆ ನೋಡಿ ಇಳಿಸುತ್ತಿದ್ದ.

ಒಂದು ಬೇಸಿಗೆ ಬೊಂಬಾಯಿಯ ಸಫಾರಿ ಸೂಟಿನವನೊಬ್ಬ
ಬಂದು ಬಂದು ಹೋಗುತ್ತಿದ್ದ. ಸಿಗರೇಟು ಡಬ್ಬಿಯ ತುಂಬ ಉಂಗುರ,
ಬೆರಳಿಗೆ ದೊಡ್ಡವು, ಬಳೆಗೆ ಸಣ್ಣವು,
ಹಳೆ ಹೆಸರು ಉಜ್ಜಿ ಹೊಳೆಯುವಂಥವು.
'ಯಾರಿಗಪ್ಪ ಇವು?'
'ಯಾವನೋ ಕಾರ್ಲ ಅಂತ. ಮಗನ ಹೆಸರಿರಬೇಕು.'
ಸಾಸಿವೆಯಷ್ಟು ಅಕ್ಷರ, ಉಸಿರು ಬಿಗಿಹಿಡಿದು.

ಆ ಬೇಸಿಗೆ ಮನೆಗೆ ಫ್ಯಾನು ಬಂತು.
ಅಪ್ಪ ಒಂದು ರಾತ್ರಿಯೂ ಅದರ ಕೆಳಗೆ ಮಲಗಲಿಲ್ಲ.
ಗಾಳಿ ಒಗ್ಗಂಗಿಲ್ಲ ಎಂದು ಚಾಪೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದ.
ಇಷ್ಟು ವರ್ಷ ಅದನ್ನು ನಾನು ನಂಬಿದ್ದೆ.

ಗೇಟು ಎದ್ದಿತು. ಹಾರ್ನುಗಳೆಲ್ಲ ಒಮ್ಮೆಗೇ.
'ಯಾಕ್ ಸುಮ್ನಾದ್ರಿ ಅಂಕಲ್, ಫಂಗಸ್ ಐತೇನು?'
ಹೇಳಿದೆ. 'ಗಾಜು ಖೋಟಾ ಅಲ್ಲ ತಾಯಿ, ಹೆಸರು ಖೋಟಾ.
ರಷ್ಯದ್ದು. ಚಿತ್ರ ಚಲೋ ಬರ್ತೈತಿ.
ಬೆಲಿ ಮಾತ್ರ ನಾಲ್ಕೈದು ಸಾವಿರ.'
ಅಪರ್ಚರಿನ ಒಂಬತ್ತು ರೆಕ್ಕೆಯೂ ಮುಚ್ಚಿದ ಹಾಗೆ ಮುಖ ಸಣ್ಣದಾಯಿತು.
'ಯಾವನು ಕೊರೆದಾನ ಇದನ್ನ? ಅವನ ಕೈ ಸೇದಿ ಹೋಗ್ಲಿ.'

ಕೊನೆಯ ಎರಡು ವರ್ಷ
ಅವ್ವನೇ ಅವನ ಬಾಯಿಗೆ ಲೋಟ ಹಿಡಿಯುತ್ತಿದ್ದಳು.
ಹೇಳಲಿಲ್ಲ.
ಹಳೆ ಗ್ರೀಸು ತೊಳೆದು ಹೊಸದು ತುಂಬಿದೆ,
ಉಂಗುರ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು.

'ಎಷ್ಟು ಕೊಡ್ಲಿ?' ಅಂದಾಗ ನಾನಿನ್ನೂ ಎಣಿಸುತ್ತಿದ್ದೆ,
ಹೆಸರು, ಊರು, ನಂಬರು ಕೂಡಿ ಇಪ್ಪತ್ತು.
'ಎರಡು,' ಅಂದೆ.
ಇನ್ನೂರೆಂದು ತಿಳಿದು ನೋಟು ಇಟ್ಟು ನಡೆದಳು.
ಕರೆಯಲು ಬಾಯಿ ಬರಲಿಲ್ಲ.
ನೋಟಿನ ಎರಡರ ಬಾಲ ನೆಟ್ಟಗೇ ಇತ್ತು.